ಗಡಿಯ ಮೇಲಿನ ಕಂಪ್ಯೂಟರ್

ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ, ಚಿನ್ನಕ್ಕೆ ಬಂಗಾರ. ಅವಸರದಲ್ಲಿ ಕೇಳಿದ್ರೆ ಎರಡೂ ಒಂದೇ. ನಿಪ್ಪಾಣಿಯ ಭಂಗಾರದ ಅಂಗಡಿಯಿಂದ ಧೂಳು ಹಿಡಿದ ಸಿಪಿಯು ಡಬ್ಬಿ ಹೊತ್ತು ಕೊಗನೊಳ್ಳಿಯ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಏನ್ ಭಂಗಾರ ತಂದೀಯೊ, ಬಂಗಾರ ತಂದೀಯೊ?"

ಉತ್ತರ ಹೇಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಆ ವರ್ಷದ ಕಥೆಯೇ ಈ ಸಲದ ಅಂಕಣ.

ಹವ್ಯಾಸಕ್ಕೆ ಅಂತ ಒಂದು ಹಳೇ ಡೆಸ್ಕ್‌ಟಾಪ್ ಇಟ್ಕೋಬೇಕು ಅನ್ನೋ ಆಸೆ ನಮ್ಮ ವಯಸ್ಸಿನ ಬಹಳ ಜನಕ್ಕಿದೆ. ಶಾಲೆಯ ಕಂಪ್ಯೂಟರ್ ಲ್ಯಾಬ್ ಹೊರಗೆ ಚಪ್ಪಲಿ ಬಿಟ್ಟು, ಒಂದೇ ಕುರ್ಚಿ ಮೇಲೆ ಇಬ್ಬರು ಕೂತು, ಸರ್ ಆ ಕಡೆ ತಿರುಗಿದ ಕೂಡಲೇ 'ಡೇವ್' ಆಡಿದವರು ನಾವು. ಈಗ ಕೈಯಲ್ಲಿ ಸಂಬಳ ಇದೆ, ಮನೆಯಲ್ಲಿ ಒಂದು ಮೂಲೆ ಇದೆ. ಪ್ರಶ್ನೆ ಒಂದೇ: ಯಾವುದು ತರೋದು?

ನನ್ನ ಆಸೆಗೆ ಇನ್ನೊಂದು ಕಾರಣ ಇತ್ತು. ಅಪ್ಪ 1999ರಿಂದ ಕೆಲವು ವರ್ಷ ನಿಪ್ಪಾಣಿಯಲ್ಲಿ ಡಿಟಿಪಿ ಅಂಗಡಿ ನಡೆಸ್ತಿದ್ದರು. ಲಗ್ನಪತ್ರಿಕೆ, ಅರ್ಜಿ, ತಂಬಾಕು ವ್ಯಾಪಾರಿಗಳ ಬಿಲ್ ಬುಕ್ಕು. ನಮ್ಮದು ಗಡಿ ಊರು. ಕೊಗನೊಳ್ಳಿ ಟೋಲ್ ನಾಕಾ ದಾಟಿದರೆ ಕಾಗಲ್, ಅದು ಮಹಾರಾಷ್ಟ್ರ. ಹಾಗಾಗಿ ಅಂಗಡಿಯಲ್ಲಿ ಕನ್ನಡಕ್ಕೆ ಒಂದು ಸಾಫ್ಟ್‌ವೇರ್, ಮರಾಠಿಗೆ ಇನ್ನೊಂದು. ಬಿಡುವಿದ್ದಾಗ ಅಪ್ಪ ಒಂದು ಕೆಲಸ ಮಾಡಿದ್ದರು. ಅಜ್ಜಿ ಹಾಡ್ತಿದ್ದ ಬೀಸುಕಲ್ಲಿನ ಪದಗಳನ್ನು ಕೇಳಿ ಕೇಳಿ ಟೈಪ್ ಮಾಡಿದ್ದರು. ಅಜ್ಜಿಗೆ ತವರಿನ ಮರಾಠಿ ಓವಿಗಳೂ ಬರ್ತಿದ್ದವು, ಗಂಡನ ಮನೆಯ ಕನ್ನಡ ಪದಗಳೂ ಬರ್ತಿದ್ದವು. ಅಂಗಡಿ ಮುಚ್ಚಿತು, ಅಜ್ಜಿ ಹೋದರು. ಉಳಿದದ್ದು ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಏಳು ಫ್ಲಾಪಿ ಮತ್ತು ಹೆಬ್ಬೆರಳು ಗಾತ್ರದ ಒಂದು ಡಾಂಗಲ್.

ಹವ್ಯಾಸಕ್ಕೆ ಹವ್ಯಾಸವೂ ಆಯ್ತು, ಅಜ್ಜಿ ಪದಗಳೂ ಸಿಕ್ಕವು ಅಂದುಕೊಂಡು ಹುಡುಕಾಟ ಶುರು ಮಾಡಿದೆ.

ಮೊದಲ ತಪ್ಪು: ಅಪರೂಪದ ಆಸೆ

ಹಳೇ ಕಂಪ್ಯೂಟರ್ ಹುಚ್ಚು ಹಿಡಿದವರ ಕಣ್ಣು ಮೊದಲು ಹೋಗೋದೇ ಅಪರೂಪದ ಮಾಡೆಲ್ ಕಡೆ. ನನ್ನದೂ ಹೋಯ್ತು. 1984-85ರ ಹೊತ್ತಿಗೆ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. 1981ರ ಬ್ರಿಟಿಷ್ ಯಂತ್ರ, 32 ಕಿಲೋಬೈಟ್ ಮೆಮೊರಿ. ಇವತ್ತಿನ ಒಂದು ವಾಟ್ಸಾಪ್ ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇನ್ನೊಂದು. ಟೇಪ್ ರೆಕಾರ್ಡರ್ ಕ್ಯಾಸೆಟ್‌ನಿಂದ ಪ್ರೋಗ್ರಾಂ ಓದಿಸ್ಕೊಳ್ಳೋದು. 1999ರ ಬಣ್ಣಬಣ್ಣದ ಐಮ್ಯಾಕ್ ಮೇಲೂ ನನಗೆ ಕಣ್ಣಿತ್ತು.

ಆದ್ರೆ ಇವು ಕೆಟ್ಟರೆ ನಿಪ್ಪಾಣಿಯಲ್ಲಿ, ಕೊಲ್ಹಾಪುರದಲ್ಲಿ ಬಿಡಿಭಾಗ ಎಲ್ಲಿಂದ ತರೋದು? ಹಳೇ ಯಂತ್ರ ಅಂದ ಮೇಲೆ ಕೆಡೋದೇ. ಬಿಡಿಭಾಗ ಸಿಗದ ಯಂತ್ರ ಶೋಕೇಸಿನ ಬೊಂಬೆ. ನೋಡೋಕೆ ಚಂದ, ಕೂತು ಆಡೋಕಲ್ಲ.

ಹಾಗಾಗಿ ನಮ್ಮಂಥವರಿಗೆ ಉಳಿಯೋದು ಐಬಿಎಂ ಪಿಸಿ ವಂಶದ ಡಬ್ಬಿಗಳೇ. 1981ರ ಮೊದಲ ಐಬಿಎಂ ಪಿಸಿಯಿಂದ ಬಂದ ಆ ಮಾದರಿಯ ಬಿಡಿಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದುತ್ತವೆ. ವಿಪ್ರೋ, ಎಚ್‌ಸಿಎಲ್, ಝೆನಿತ್ ಹೆಸರಿನಲ್ಲಿ ಬಂದದ್ದಿರಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಹೆಸರಿಲ್ಲದ ಡಬ್ಬಿಯೇ ಇರಲಿ, ಒಳಗಿನ ಸಂಸಾರ ಹೆಚ್ಚುಕಡಿಮೆ ಒಂದೇ.

ಅದರಲ್ಲಿ ನನ್ನ ಮುಂದೆ ಬಂದ ಡಬ್ಬಿಗಳು ಮೂರು.

ಒಂದು: 486

ಇಂಟೆಲ್ 486 ಬಂದದ್ದು 1989ರಲ್ಲಿ. ನಾನು ಮರುಳಾದದ್ದು ಅದರ 66 ಮೆಗಾಹರ್ಟ್ಸ್ ಡಿಎಕ್ಸ್2ಗೆ. ಎದುರಿಗೆ ಟರ್ಬೊ ಬಟನ್, ಒತ್ತಿದ್ರೆ ಟಕ್ ಅನ್ನೋ ಪವರ್ ಸ್ವಿಚ್. ಡಾಸ್ ಕಾಲದ ಆಟಗಳಿಗೆ ಇದಕ್ಕಿಂತ ಒಳ್ಳೇ ಮನೆ ಇಲ್ಲ. 'ಪ್ರಿನ್ಸ್ ಆಫ್ ಪರ್ಷಿಯಾ' ಆಗಲಿ, 'ಡೇವ್' ಆಗಲಿ ತಮ್ಮ ಸರಿಯಾದ ನಡಿಗೆಯಲ್ಲಿ ಓಡ್ತವೆ.

ಅದನ್ನೇ ದೂರದ ಊರಿನ ಒಬ್ಬರಿಂದ ಕೊರಿಯರ್‌ನಲ್ಲಿ ತರಿಸಿದೆ. ಫೋಟೋದಲ್ಲಿ ಹೊರಗಿನ ಡಬ್ಬಿ ಲಕಲಕ ಅಂತಿತ್ತು. ಒಳಗೆ ತೆಗೆದು ನೋಡಿದ್ರೆ ಬೋರ್ಡಿನ ಮೂಲೆಯಲ್ಲಿ ಹಸಿರು ಕಿಲುಬು. ಆ ಕಾಲದ ಬೋರ್ಡುಗಳಲ್ಲಿ ಗಡಿಯಾರ ನಡೆಸೋಕೆ ಪುಟ್ಟ ಪೀಪಾಯಿ ಆಕಾರದ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿರ್ತಿದ್ದರು. ವರ್ಷ ಕಳೆದಂತೆ ಅದು ಸೋರ್ತದೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದುಹಾಕ್ತದೆ. ವಿನೆಗರ್ ಹಚ್ಚಿ ತೊಳೆದೆ, ತುಂಡಾದ ಗೆರೆಗಳಿಗೆ ತಂತಿ ಬೆಸೆದೆ. ಪುಣೆಯಿಂದ ಶನಿವಾರ ಊರಿಗೆ ಬರೋದು, ಭಾನುವಾರವೆಲ್ಲ ಸೋಲ್ಡರಿಂಗ್. ಒಂದು ಮಳೆಗಾಲ ಪೂರ್ತಿ ಹೋಯ್ತು. ಯಂತ್ರ ಏಳಲಿಲ್ಲ.

ಎದ್ದಿದ್ದರೂ ನನ್ನ ಕೆಲಸ ಆಗ್ತಿರಲಿಲ್ಲ ಅನ್ನೋದು ಆಮೇಲೆ ಹೊಳೀತು. ಅಪ್ಪನ ಸಾಫ್ಟ್‌ವೇರ್‌ಗಳಿಗೆ ಬೇಕಿದ್ದದ್ದು ವಿಂಡೋಸ್ 98. ಅದಕ್ಕೆ ಕನಿಷ್ಠ ಬೇಕು ಅಂತ ಹೇಳಿದ್ದೇ 66 ಮೆಗಾಹರ್ಟ್ಸ್‌ನ 486 ಮತ್ತು 16 ಎಂಬಿ ಮೆಮೊರಿ. ಅಂದ್ರೆ ನನ್ನ ಡಬ್ಬಿ ಹೊಸ್ತಿಲ ಮೇಲೆ ಕೂತಿತ್ತು. ಒಂದು ಪುಟ ತೆರೆಯೋಕೆ ಚಹಾ ಕುಡಿದು ಬರಬೇಕಿತ್ತು. ಯುಎಸ್‌ಬಿಯಂತೂ ಇಲ್ಲವೇ ಇಲ್ಲ.

ಎರಡು: ಪೆಂಟಿಯಂ 4

486 ಸೋಲಿನ ನಂತರ ಹುಚ್ಚು ಬಿಟ್ಟು ಸಲೀಸಾದದ್ದು ಹುಡುಕಿದೆ. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ. ಭಂಗಾರದ ಅಂಗಡಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳೋದು ಇವೇ. 2001ರ ಎಕ್ಸ್‌ಪಿಗೆ ನಾವು ಕನ್ನಡಿಗರು ಒಂದು ನಮಸ್ಕಾರ ಹೇಳಬೇಕು. ಯೂನಿಕೋಡ್ ಕನ್ನಡ, ಅದಕ್ಕೊಂದು 'ತುಂಗಾ' ಫಾಂಟು ಅದರ ಜೊತೆಗೇ ಬಂತು. ಪೆನ್‌ಡ್ರೈವ್ ಚುಚ್ಚಿದ್ರೆ ತಾನಾಗೇ ಗುರುತು ಹಿಡೀತದೆ. 'ರೋಡ್ ರ‍್ಯಾಷ್', 'ವೈಸ್ ಸಿಟಿ' ಆಡಬೇಕು ಅನ್ನೋರಿಗೆ ಇದೇ ಸಾಕು.

ಎರಡು ತೊಂದರೆ. ಮೊದಲನೆಯದು ದೇಹದ್ದು. ಸುಮಾರು 2000ದಿಂದ ಮುಂದಿನ ಕೆಲವು ವರ್ಷ ತಯಾರಾದ ಎಷ್ಟೋ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್ ಬಿದ್ದವು. ಪ್ರೊಸೆಸರ್ ಸುತ್ತ ನಿಂತ ಸಣ್ಣ ಡಬ್ಬಿಗಳ ತಲೆ ನೋಡಿ. ಚಪ್ಪಟೆ ಇರಬೇಕು. ಪೂರಿಯ ಹಾಗೆ ಉಬ್ಬಿದ್ರೆ, ಕಂದು ರಸ ಸೋರಿದ್ರೆ, ಅದು ಹೋಗುವ ದಾರಿಯಲ್ಲಿದೆ ಅಂತ ತಿಳ್ಕೊಳ್ಳಿ. ನಾನು ನೋಡಿದ ನಾಲ್ಕು ಡಬ್ಬಿಗಳಲ್ಲಿ ಮೂರರ ತಲೆ ಉಬ್ಬಿತ್ತು.

ಎರಡನೆಯದು ಸ್ವಭಾವದ್ದು. ಆ ಕಾಲದ ಡಿಟಿಪಿ ಸಾಫ್ಟ್‌ವೇರ್‌ಗಳು ನಕಲು ಆಗಬಾರದು ಅಂತ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಚುಚ್ಚಬೇಕಿತ್ತು. ಅದಿಲ್ಲದೆ ಸಾಫ್ಟ್‌ವೇರ್ ಬಾಯಿ ಬಿಡ್ತಿರಲಿಲ್ಲ. ವಿಂಡೋಸ್ 98ರಲ್ಲಿ ಪ್ರೋಗ್ರಾಂ ನೇರವಾಗಿ ಪೋರ್ಟಿನ ಬಾಗಿಲು ತಟ್ಟಬಹುದಿತ್ತು. ಎಕ್ಸ್‌ಪಿ ಹಾಗೆ ಬಿಡಲ್ಲ, ನಡುವೆ ಸರಿಯಾದ ಡ್ರೈವರ್ ಕೂತಿರಬೇಕು. ಅಪ್ಪನ ಮರಾಠಿ ಸಾಫ್ಟ್‌ವೇರ್‌ನ ಆ ಹಳೇ ಆವೃತ್ತಿಗೆ ಅಂಥ ಡ್ರೈವರ್ ನನಗೆ ಸಿಗಲಿಲ್ಲ.

ಮೂರು: ಪೆಂಟಿಯಂ 3

ಇದನ್ನು ನಾನು ಎರಡು ಸಲ ನೋಡಿಯೂ ಬಿಟ್ಟು ಬಂದಿದ್ದೆ. ಪೆಂಟಿಯಂ 3 ಅಂದ್ರೆ 1999ರ ಸರಕು. 486ರ ಗತ್ತೂ ಇಲ್ಲ, ಪಿ-4ರ ಓಟವೂ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಇರ್ತಿತ್ತಲ್ಲ, ಅಂಥ ಹಳದಿಗಟ್ಟಿದ ಡಬ್ಬಿ. ಅಂಗಡಿಯವನು, "ತಗೊಂಡ್ ಹೋಗ್ರಿ, ಜಾಗಾ ಆದ್ರ ಸಾಕಾಗೇತಿ" ಅಂದ.

ಒಳಗೆ ನೋಡಿದ್ರೆ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡು. ಈ ಹೆಸರು ನೆನಪಿಟ್ಕೊಳ್ಳಿ. 1998ರ ಈ ಬೋರ್ಡುಗಳಲ್ಲಿ ಎರಡು ಕಾಲ ಒಟ್ಟಿಗೆ ಕೂತಿವೆ. ಉದ್ದನೆಯ ಕಪ್ಪು ಸ್ಲಾಟು ಐಎಸ್‌ಎ, ಹಳೇ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ. ಬಿಳಿ ಸ್ಲಾಟು ಪಿಸಿಐ, ಕಂದು ಬಣ್ಣದ್ದು ಎಜಿಪಿ. ಹಿಂದೆ ಪ್ರಿಂಟರ್ ಪೋರ್ಟು, ಅದರ ಪಕ್ಕದಲ್ಲೇ ಯುಎಸ್‌ಬಿ. ಫ್ಲಾಪಿ ಕೇಬಲ್ಲಿಗೆ ಮೂರೂವರೆ ಇಂಚಿನದೂ ಆಗ್ತದೆ, ಅದಕ್ಕೂ ಹಳೇ ಐದೂಕಾಲು ಇಂಚಿನದೂ ಆಗ್ತದೆ. ಗಡಿಯಾರಕ್ಕೆ ಸೋರುವ ಪೀಪಾಯಿ ಇಲ್ಲ. ಕಿರಾಣಿ ಅಂಗಡಿಯಲ್ಲೂ ಸಿಗೋ ಸಿಆರ್2032 ನಾಣ್ಯದ ಸೆಲ್ಲು.

ಡಾಸ್ ಆಟ ಇದರ ಮೇಲೆ ವಿಪರೀತ ಓಡ್ತವೆ ಅನ್ನೋದು ನಿಜ. ಅದಕ್ಕೂ ಉಪಾಯ ಇದೆ. ಬಯಾಸ್‌ನಲ್ಲಿ ಒಳಗಿನ ಕ್ಯಾಷ್ ಆಫ್ ಮಾಡಿದ್ರೆ ಪಿ-3 ಹೆಚ್ಚುಕಡಿಮೆ 386ರ ನಡಿಗೆಗೆ ಇಳೀತದೆ. ಟರ್ಬೊ ಬಟನ್ ಇಲ್ಲದೆ ಟರ್ಬೊ ಬಟನ್ನಿನ ಕೆಲಸ.

ಡಬ್ಬಿ ಬೈಕಿಗೆ ಕಟ್ಕೊಂಡು ಊರಿಗೆ ಬರುವಾಗ ನಗು ಬಂತು. ಇದು ನಮ್ಮೂರಿನಂಥದೇ ಯಂತ್ರ. ಆ ಕಡೆಯವರ ಜೊತೆ ಆ ಕಡೆ ಭಾಷೆ, ಈ ಕಡೆಯವರ ಜೊತೆ ಈ ಕಡೆ ಭಾಷೆ. ಹವ್ಯಾಸಕ್ಕೆ ಹಳೇ ಕಂಪ್ಯೂಟರ್ ಬೇಕು ಅನ್ನೋರಿಗೆ ನಾನು ಹೇಳೋದು ಇಷ್ಟೇ: ತೀರಾ ಹಳೇದೂ ಬೇಡ, ತೀರಾ ಇತ್ತೀಚಿನದೂ ಬೇಡ. ಗಡಿಯ ಮೇಲಿನದು ತಗೊಳ್ಳಿ. ಹಳೇ ಫ್ಲಾಪಿಯಿಂದ ಓದಿ ಹೊಸ ಪೆನ್‌ಡ್ರೈವಿಗೆ ಕೊಡೋಕೆ ಆಗಬೇಕು. ಒಳಗೆ ಹೋದದ್ದು ಹೊರಗೆ ಬರದಿದ್ರೆ ಯಂತ್ರ ಇದ್ದೂ ಏನು ಬಂತು?

ಕೊಳ್ಳುವ ಮುಂಚೆ, ಕೊಂಡ ಮೇಲೆ

ಮೊದಲು ನಿಮ್ಮನ್ನು ನೀವೇ ಕೇಳ್ಕೊಳ್ಳಿ: ಬರೀ ಆಟಕ್ಕೆ ಬೇಕಾ? ಹಾಗಾದ್ರೆ ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ ಹಾಕಿ ಒಂದು ತಿಂಗಳು ಆಡಿ. ಹಣ ಖರ್ಚಿಲ್ಲ, ಜಾಗ ಬೇಡ. ಎಷ್ಟೋ ಜನರ ಆಸೆ ಅಲ್ಲಿಗೇ ತಣ್ಣಗಾಗ್ತದೆ. ಕೀಬೋರ್ಡಿನ ಸದ್ದು, ಡಬ್ಬಿ ಬಿಚ್ಚಿ ಜೋಡಿಸೋ ಸುಖ ಬೇಕು ಅಂತ ಆಮೇಲೂ ಅನ್ನಿಸಿದ್ರೆ ಅಂಗಡಿಗೆ ಹೋಗಿ.

ಸಾಧ್ಯ ಆದಷ್ಟು ಡಬ್ಬಿ ತೆಗೆಸಿ, ಒಳಗೆ ನೋಡಿ ಕೊಳ್ಳಿ. ಹೊರಗಿನ ಫೋಟೋ ನಂಬಬೇಡಿ. ಮೂಲೆಯ ಕಿಲುಬು, ಉಬ್ಬಿದ ತಲೆ, ಸುಟ್ಟ ವಾಸನೆ, ಈ ಮೂರೂ ಇಲ್ಲದಿದ್ರೆ ಅರ್ಧ ಗೆದ್ದ ಹಾಗೆ.

ಮನೆಗೆ ತಂದ ಕೂಡಲೇ ಪ್ಲಗ್ ಚುಚ್ಚಬೇಡಿ. ಧೂಳು ತೆಗೆಯಿರಿ. ಪವರ್ ಸಪ್ಲೈ 5 ವೋಲ್ಟ್, 12 ವೋಲ್ಟ್ ಸರಿ ಕೊಡ್ತದಾ ಅಂತ ಗೊತ್ತಿರೋರ ಹತ್ರ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಇರೋ ಸಾಕೆಟ್ಟು, ನಡುವೆ ಯುಪಿಎಸ್ ಇರಲಿ. ನಮ್ಮ ಊರುಗಳ ಕರೆಂಟು ಗೊತ್ತಲ್ಲ.

ಹಳೇ ಹಾರ್ಡ್ ಡಿಸ್ಕ್ ತಿರುಗ್ತಿದ್ರೆ ಮೊದಲು ಅದರಲ್ಲಿ ಇರೋದನ್ನ ನಕಲು ಮಾಡ್ಕೊಂಡು ಅದಕ್ಕೆ ನಿವೃತ್ತಿ ಕೊಡಿ. ಅದರ ಜಾಗಕ್ಕೆ ಐಡಿಇ ಅಡಾಪ್ಟರ್ ಹಾಕಿದ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡ್ ಸಾಕು. ಸದ್ದಿಲ್ಲ, ಬಿಸಿ ಇಲ್ಲ. ಮೆಮೊರಿ 128 ಅಥವಾ 256 ಎಂಬಿ ಧಾರಾಳ ಆಯ್ತು. 512 ದಾಟಿದ್ರೆ ವಿಂಡೋಸ್ 98 ತಕರಾರು ಮಾಡ್ತದೆ. 1999ರ ಎರಡನೇ ಆವೃತ್ತಿಯನ್ನೇ ಹಾಕಿ, ಪೆನ್‌ಡ್ರೈವ್ ಓದೋಕೆ ಬೇರೆ ಡ್ರೈವರ್ ಸೇರಿಸಬೇಕು. ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ. 98ಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2006ರಲ್ಲಿ.

ಹಳೇ ದಪ್ಪ ಮಾನಿಟರ್ ಸಿಕ್ಕರೆ ಚಂದವೇ, ಆದ್ರೆ ಅದರ ಹಿಂಬದಿ ಬಿಚ್ಚೋಕೆ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಜೀವಕ್ಕೆ ಅಪಾಯ ಆಗುವಷ್ಟು ವಿದ್ಯುತ್ ಕೂತಿರಬಹುದು. ಆಫೀಸಿನವರು ಹೊರಗಿಟ್ಟ ಚೌಕಾಕಾರದ ಎಲ್‌ಸಿಡಿಯೇ ಸಾಕು.

ಏಳು ಫ್ಲಾಪಿ

ಈಗ ನನ್ನ ದೊಡ್ಡ ತಪ್ಪು ಹೇಳಿಬಿಡ್ತೀನಿ. ಫ್ಲಾಪಿ ಓದೋಕೆ ಹಳೇ ಕಂಪ್ಯೂಟರ್ ಬೇಕೇ ಇರಲಿಲ್ಲ. ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿಗಳನ್ನು ಯುಎಸ್‌ಬಿ ಫ್ಲಾಪಿ ಡ್ರೈವ್ ಮೂಲಕ ಲ್ಯಾಪ್‌ಟಾಪಿನಲ್ಲೇ ನಕಲು ಮಾಡ್ಕೋಬಹುದಿತ್ತು. ಹಳೇ ಯಂತ್ರ ಬೇಕಿದ್ದದ್ದು ಆ ನಕಲನ್ನ ತೆರೆದು ಓದೋಕೆ. ಯಂತ್ರ ರೆಡಿ ಆಗಲಿ, ಶಾಸ್ತ್ರೋಕ್ತವಾಗಿ ಮಾಡೋಣ ಅಂತ ಕಾದೆ. 486ರ ಮುಂದೆ ಕೂತು ಕಳೆದ ಆ ಮಳೆಗಾಲದಲ್ಲಿ ಬಿಸ್ಕಿಟ್ ಡಬ್ಬಿ ಹಿತ್ತಲ ಕೋಣೆಯಲ್ಲೇ ಇತ್ತು. ತೆಗೆದಾಗ ಮೂರು ಫ್ಲಾಪಿಗಳ ಒಳಗೆ ಬಿಳಿ ಬೂಷ್ಟು.

ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವಿಗೆ ತುರುಕಬಾರದು. ಅದರ ಕೊಳೆ ಡ್ರೈವಿನ ಹೆಡ್ಡಿಗೆ ಅಂಟ್ತದೆ, ಮುಂದಿನ ಒಳ್ಳೇ ಫ್ಲಾಪಿಯನ್ನೂ ಗೀರಿಹಾಕ್ತದೆ. ಹಾಗಾಗಿ ಮೊದಲು ಒಳ್ಳೇವು ನಾಲ್ಕು. ರಕ್ಷಣೆಯ ಕಿಟಕಿ ತೆರೆದಿಟ್ಟು, ಅಂದ್ರೆ ಬರೆಯೋಕೆ ಆಗದ ಹಾಗೆ ಮಾಡಿ, ಒಂದೊಂದನ್ನೂ ಇಡಿಯಾಗಿ ಇಮೇಜ್ ತೆಗೆದೆ. ಆಮೇಲೆ ಬೂಷ್ಟು ಹಿಡಿದ ಮೂರು. ಪ್ಲಾಸ್ಟಿಕ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬೇರೆ ಫ್ಲಾಪಿಯ ಕವಚಕ್ಕೆ ಹಾಕಿ ಪ್ರಯತ್ನಿಸಿದೆ. ಒಂದು ಬಂತು. ಎರಡು ಬರಲಿಲ್ಲ.

ಕನ್ನಡದ ಪದಗಳು 'ಬರಹ'ದಲ್ಲಿದ್ದವು. 1998ರಲ್ಲಿ ಶೇಷಾದ್ರಿ ವಾಸು ಅವರು ಬಿಟ್ಟ ಆ ಸಾಫ್ಟ್‌ವೇರ್ ನಮ್ಮಂಥ ಎಷ್ಟು ಅಂಗಡಿಗಳ ಒಲೆ ಉರಿಸಿದೆಯೋ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸ್ತಿದ್ದರು. ಫಾಂಟಿಲ್ಲದೆ ತೆರೆದ್ರೆ ಬರೀ ಗಜಿಬಿಜಿ. ಈಗ ಅದನ್ನು ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳಿವೆ. ಕೆಲವು ಒತ್ತಕ್ಷರ ಕೆಟ್ಟವು, ಕೈಯಿಂದ ತಿದ್ದಿದೆ. ಕನ್ನಡದ ಭಾಗ ಹೆಚ್ಚುಕಡಿಮೆ ಪೂರ್ತಿ ಬಂತು.

ಮರಾಠಿಯ ಓವಿಗಳಿಗೆ ಪರಿವರ್ತಕ ಸಿಗಲಿಲ್ಲ. ಪಿ-3ಕ್ಕೆ ಡಾಂಗಲ್ ಚುಚ್ಚಿ, ಅಪ್ಪನ ಹಳೇ ಸಿ.ಡಿ.ಯಿಂದ ಆ ಸಾಫ್ಟ್‌ವೇರ್ ಹಾಕಿದೆ. ಎರಡು ಸಲ 'ಡಾಂಗಲ್ ಇಲ್ಲ' ಅಂತು. ಪೋರ್ಟಿನ ಪಿನ್ನು ಒರೆಸಿ ಮೂರನೇ ಸಲ ಚುಚ್ಚಿದಾಗ ತೆರೆದುಕೊಂತು.

ಅಪ್ಪ ಅಲ್ಲಿವರೆಗೆ ಹಿಂದೆ ಕುರ್ಚಿಯಲ್ಲಿ ಪೇಪರ್ ಓದ್ತಾ ಕೂತಿದ್ದರು. ಫೋನಿನಲ್ಲಿ ಒಂದು ಮೆಸೇಜ್ ಬರೆಯೋಕೂ ನನ್ನನ್ನ ಕರೆಯೋ ಮನುಷ್ಯ. ಎದ್ದು ಬಂದರು. "ಸರಿ ಅತ್ಲಾಗ" ಅಂದರು. ಕೀಬೋರ್ಡ್ ಮೇಲೆ ಕೈ ಇಟ್ಟರು. ಕಣ್ಣು ಪರದೆ ಮೇಲೆ, ಬೆರಳು ತಮ್ಮ ಪಾಡಿಗೆ ತಾವು. ಫೈಲ್ ಹುಡುಕಿ, ತೆರೆದು, ದೊಡ್ಡ ಅಕ್ಷರ ಮಾಡಿ, ಓದೋಕೆ ಶುರು ಮಾಡಿದರು. ಅವರು ಓದೋದು, ನಾನು ಫೋನಿನಲ್ಲಿ ಮತ್ತೆ ಟೈಪ್ ಮಾಡೋದು. ನಾಲ್ಕು ಭಾನುವಾರ ಹಿಡೀತು. ಕೆಲವು ಕಡೆ ಪರದೆ ಮೇಲೆ ಇಲ್ಲದ ಸಾಲುಗಳನ್ನೂ ಹೇಳಿದರು, "ಇದನ್ನ ಆವಾಗ ಬರಕೊಂಡಿರಲಿಲ್ಲ" ಅಂತ.

ಬಾರದ ಎರಡು ಫ್ಲಾಪಿಗಳಲ್ಲಿ ಏನಿತ್ತು ಅಂತ ಅವರಿಗೂ ನೆನಪಿಲ್ಲ. ಅದನ್ನು ನಾನು 486ರ ಲೆಕ್ಕಕ್ಕೆ ಬರೆದುಕೊಂಡಿದ್ದೀನಿ.

ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದ್ರೆ ಯಾವ ಮಾಡೆಲ್ ಅಂತ ಆಮೇಲೆ ಯೋಚಿಸಿ. ಈ ಭಾನುವಾರ ಮೊದಲು ಫ್ಲಾಪಿ ಹೊರಗೆ ತೆಗೆದು ನಕಲು ಮಾಡಿ. ಕಂಪ್ಯೂಟರ್ ಮುಂದಿನ ವರ್ಷವೂ ಭಂಗಾರದ ಅಂಗಡಿಯಲ್ಲಿ ಸಿಗ್ತದೆ.

ಪಿ-3 ಈಗ ನಡುಮನೆಯಲ್ಲಿದೆ. ಸಂಜೆ ಅಪ್ಪ ಅದರಲ್ಲಿ ಪದಗಳನ್ನು ತಿದ್ತಾರೆ, ನಾನು ಊರಿಗೆ ಹೋದಾಗ ಡೇವ್ ಆಡ್ತೀನಿ. ಅವ್ವ ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿದ್ದಾಳೆ. ಭಂಗಾರವೋ ಬಂಗಾರವೋ ಅಂತ ಮತ್ತೆ ಕೇಳಿಲ್ಲ.